‘ಮಾಸ್ಟರ್’ ಎಂದು ಬರೆದ ಕ್ಯಾಸೆಟ್ಟು

ರೇಡಿಯೊದಲ್ಲಿ ಪ್ರಸಾರವಾದ ಹಳೆಯ ರಾಕ್ ಕಛೇರಿಗಳ ಕ್ಯಾಸೆಟ್ಟುಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ. ಅವುಗಳ ಮೇಲೆ ಅತಿ ಹೆಚ್ಚು ಕಾಣುವ ಪದ ‘ಮಾಸ್ಟರ್’, ಅಂದರೆ ಮೂಲಪ್ರತಿ. ಅತಿ ಹೆಚ್ಚು ಸುಳ್ಳಾಗುವ ಪದವೂ ಅದೇ. ತಂದುಕೊಟ್ಟವರು ಸುಳ್ಳು ಹೇಳುತ್ತಿರುವುದಿಲ್ಲ. ಅವರಿಗೆ ಕೊಟ್ಟವರು ಹಾಗೆಂದಿದ್ದರು. ಕೊಟ್ಟವರಿಗೆ ಕೊಟ್ಟವರೂ ಹಾಗೆಯೇ ಅಂದಿದ್ದರು. ಪ್ರಸಾರದ ರಾತ್ರಿ ರೇಡಿಯೊ ಮುಂದೆ ಕೂತು ಗುಂಡಿ ಒತ್ತಿದ ಕೈಯಿಂದ ನೇರವಾಗಿ ಬಂದ ಟೇಪು ಬಹಳ ಅಪರೂಪ.

ಟೇಪುಗಳನ್ನು ಡಿಜಿಟಲ್ ರೂಪಕ್ಕೆ ತರುವುದು ನನ್ನ ಕಸುಬು. ಲೇಬಲ್ಲನ್ನು ಓದಿ ಪಕ್ಕಕ್ಕಿಟ್ಟು, ಸದ್ದಿನ ವರ್ಣಪಟಲವನ್ನು, ಅಂದರೆ ಕೆಳಗಿನ ಸ್ವರದಿಂದ ಮೇಲಿನ ಸ್ವರದವರೆಗೆ ಯಾವುದು ಎಷ್ಟಿದೆ ಎಂಬ ಚಿತ್ರವನ್ನು, ಪರದೆಯ ಮೇಲೆ ನೋಡುತ್ತೇನೆ. ತೀರಾ ಕೆಳಗೆ, ಸಂಗೀತದ ಬುಡದಲ್ಲಿ, ವಿದ್ಯುತ್ತಿನ ಗುಂಯ್‌ಗುಡುವಿಕೆ ತೆಳುಗೆರೆಯಾಗಿ ಕಾಣುತ್ತದೆ. ಅಮೆರಿಕದಲ್ಲಿ ಮುದ್ರಿಸಿದ್ದಾದರೆ 60 ಹರ್ಟ್ಸ್, ಯುರೋಪಿನದ್ದಾದರೆ 50. ಮುದ್ರಿಸಿದ ಯಂತ್ರದ ವೇಗ ಹೆಚ್ಚುಕಡಿಮೆ ಇದ್ದರೆ ಗೆರೆಯೂ ಅಷ್ಟೇ ಜರುಗಿರುತ್ತದೆ. ಶ್ರುತಿ ಸರಿಪಡಿಸಲು ಅದೇ ನನ್ನ ಅಳತೆಗೋಲು. ನನ್ನ ಯಂತ್ರದ ಸದ್ದನ್ನು ಲೆಕ್ಕದಿಂದ ತೆಗೆದ ಮೇಲೂ ಎರಡು ಗೆರೆಗಳು, 60ರಲ್ಲೊಂದು, 61ರ ಆಸುಪಾಸಿನಲ್ಲೊಂದು ಉಳಿದರೆ, ಈ ಸಂಗೀತವನ್ನು ಬೇರೆ ಬೇರೆ ವೇಗದ ಎರಡು ಯಂತ್ರಗಳು ಮುದ್ರಿಸಿವೆ ಎಂದರ್ಥ. ‘ಮಾಸ್ಟರ್’ ಅಲ್ಲಿಗೆ ಮುಗಿಯಿತು. ಒಂದೇ ಗೆರೆ ಇದ್ದ ಮಾತ್ರಕ್ಕೆ ಮೂಲಪ್ರತಿ ಎಂದು ಸಾಬೀತಾಗುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಪಟಲದ ಮೇಲ್ತುದಿಯೂ ಬಾಯಿ ಬಿಡುತ್ತದೆ. ಎಫ್‌ಎಂ ಸ್ಟೀರಿಯೊ ಪ್ರಸಾರದಲ್ಲಿ 19 ಕಿಲೋಹರ್ಟ್ಸ್‌ನ ಪೈಲಟ್ ಸ್ವರವೊಂದು ಸದಾ ಇರುತ್ತದೆ; ಎಡ-ಬಲಗಳನ್ನು ಬಿಡಿಸಿಕೊಳ್ಳಲು ರೇಡಿಯೊಗೆ ಅದೇ ಆಧಾರ. ಅದಕ್ಕೆ ತೊಂದರೆಯಾಗದಂತೆ ಸಂಗೀತವನ್ನು 15 ಕಿಲೋಹರ್ಟ್ಸ್‌ಗೇ ಕತ್ತರಿಸಿರುತ್ತಾರೆ. ಹಾಗಾಗಿ ‘ಎಫ್‌ಎಂ’ ಎಂದು ಬರೆದ ಟೇಪಿನಲ್ಲಿ ತಾಳದ ತಟ್ಟೆಗಳ ಸದ್ದು 15ನ್ನು ದಾಟಿ ಮೇಲೆ ಹೋಗಿದ್ದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಅದು ಗಾಳಿಯಲ್ಲಿ ಬಂದದ್ದಲ್ಲದೆ, ಪ್ರಸಾರಕ್ಕೆಂದು ನಿಲಯಗಳಿಗೆ ಕಳಿಸಿದ ಟೇಪು ಅಥವಾ ಡಿಸ್ಕಿನಿಂದ ಇಳಿಸಿದ್ದಿರಬಹುದು. ಅಭಿಮಾನಿಗಳು ಇದನ್ನು ‘ಪ್ರೀ-ಎಫ್‌ಎಂ’ ಎನ್ನುತ್ತಾರೆ. 1973ರಲ್ಲಿ ಆರಂಭವಾದ ಅಮೆರಿಕದ ಕಿಂಗ್ ಬಿಸ್ಕಿಟ್ ಫ್ಲವರ್ ಅವರ್ ಕಾರ್ಯಕ್ರಮವನ್ನು ಹೀಗೆಯೇ ನಿಲಯಗಳಿಗೆ ಹಂಚುತ್ತಿದ್ದರು. ಬಿಬಿಸಿ ಕೂಡ ಹೊರದೇಶಗಳ ನಿಲಯಗಳಿಗಾಗಿ ಡಿಸ್ಕುಗಳನ್ನು ಅಚ್ಚು ಹಾಕಿಸುತ್ತಿತ್ತು. ಇನ್ನು 16 ಕಿಲೋಹರ್ಟ್ಸ್‌ನಲ್ಲಿ ಗೋಡೆ ಕಟ್ಟಿದಂತೆ ಸದ್ದು ನಿಂತಿದ್ದರೆ ಖುಷಿಪಡಬೇಡಿ. ನಡುದಾರಿಯಲ್ಲಿ ಯಾರೋ ಅದನ್ನು, ಸದ್ದಿನ ಒಂದಷ್ಟನ್ನು ಕೈಬಿಟ್ಟು ಕುಗ್ಗಿಸುವ ಎಂಪಿ3 ಮಾಡಿ, ಮತ್ತೆ ಹಿಗ್ಗಿಸಿರುವ ಸಾಧ್ಯತೆಯೇ ಹೆಚ್ಚು.

ಇಷ್ಟೊಂದು ಪತ್ತೇದಾರಿ ಏಕೆ ಎಂದು ಕೇಳುವವರಿದ್ದಾರೆ. ಎಷ್ಟೋ ಸಲ ಅಭಿಮಾನಿಯ ಟೇಪಿನ ಹೊರತು ಇನ್ನೇನೂ ಉಳಿದಿರುವುದಿಲ್ಲ. ಬೀಟಲ್ಸ್ 1962ರಿಂದ 1965ರವರೆಗೆ ಬಿಬಿಸಿ ರೇಡಿಯೊಗಾಗಿ 88 ಹಾಡುಗಳನ್ನು ಒಟ್ಟು 275 ಬಾರಿ ನುಡಿಸಿದರು. ಅವುಗಳಲ್ಲಿ ಬಹಳಷ್ಟನ್ನು ಬಿಬಿಸಿ ಉಳಿಸಿಕೊಳ್ಳಲಿಲ್ಲ. ಆ ಧ್ವನಿಮುದ್ರಣಗಳು 1994ರಲ್ಲಿ ಅಧಿಕೃತವಾಗಿ ಹೊರಬಂದಾಗ, ಮನೆಯಲ್ಲಿ ರೇಡಿಯೊ ಮುಂದೆ ಕೂತವರು ಮಾಡಿಕೊಂಡಿದ್ದ ಟೇಪುಗಳೂ ಕೈಹಿಡಿದವು. ಲೆಡ್ ಝೆಪ್ಪೆಲಿನ್ ತಂಡ 1969ರಲ್ಲಿ ಬಿಬಿಸಿಗೆ ನುಡಿಸಿದ ಒಂದು ಸರದಿ ಕಳೆದೇಹೋಗಿತ್ತು; 2016ರಲ್ಲಿ ಅದು ಹೊರಬಂದದ್ದೂ ಕೇಳುಗನೊಬ್ಬನ ಟೇಪಿನಿಂದಲೇ. ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1978ರ ಪ್ರವಾಸದಲ್ಲಿ ಐದು ಕಛೇರಿಗಳನ್ನು ರೇಡಿಯೊದಲ್ಲಿ ನೇರವಾಗಿ ಕೇಳಿಸಿದ. ಕ್ಲೀವ್‌ಲೆಂಡ್‌ನ ಅಗೋರಾದಲ್ಲಿ ಆಗಸ್ಟ್ 9ರಂದು ನಡೆದದ್ದರ ಅಧಿಕೃತ ಪ್ರತಿ ಬರುವ ಹೊತ್ತಿಗೆ 2014 ಆಗಿತ್ತು. ಅಷ್ಟೂ ವರ್ಷ ಆ ರಾತ್ರಿಯನ್ನು ಕಾಪಾಡಿದ್ದು ಕ್ಯಾಸೆಟ್ಟುಗಳೇ. ಜರ್ಮನಿಯ ಟಿ.ವಿ. ಕಾರ್ಯಕ್ರಮ ರಾಕ್‌ಪಲಾಸ್ಟ್‌ನದು ಇನ್ನೊಂದು ಬಗೆ. 1977ರ ಜುಲೈನಲ್ಲಿ ಎಸೆನ್ ನಗರದಿಂದ ಇರುಳಿಡೀ ನಡೆದ ಮೊದಲ ರಾಕ್ ರಾತ್ರಿಯನ್ನು ಯುರೋಪು ಟಿ.ವಿ.ಯಲ್ಲಿ ನೋಡಿತು. ಟಿ.ವಿ.ಯ ಧ್ವನಿ ಮೊನೊ, ರೇಡಿಯೊದ್ದು ಸ್ಟೀರಿಯೊ. ಆದ್ದರಿಂದ ಚಿತ್ರಕ್ಕೆ ಟಿ.ವಿ., ಕಿವಿಗೆ ಎಫ್‌ಎಂ ಎಂದು ಎರಡನ್ನೂ ಹಚ್ಚಿಕೊಂಡು ಕೂತವರ ಮನೆಗಳಲ್ಲಿ ಒಳ್ಳೆಯ ಟೇಪುಗಳು ಹುಟ್ಟಿದವು.

ಇಂಥ ಟೇಪು ಕೈಗೆ ಸಿಕ್ಕಾಗ ಮೊದಲು ನೋಡಬೇಕಾದದ್ದು ಅಜಿಮತ್, ಅಂದರೆ ಟೇಪನ್ನು ಓದುವ ಹೆಡ್ಡು ಟೇಪಿಗೆ ನಿಂತಿರುವ ಕೋನ. ಕ್ಯಾಸೆಟ್ಟು ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್ ಮಾತ್ರ. ಆ ವೇಗದಲ್ಲಿ 15 ಕಿಲೋಹರ್ಟ್ಸ್‌ನ ಒಂದು ಅಲೆಗೆ ಟೇಪಿನ ಮೇಲೆ ಸಿಗುವ ಜಾಗ ಸುಮಾರು 3 ಮೈಕ್ರಾನ್. ಕೋನ ಕೂದಲೆಳೆಯಷ್ಟು ತಪ್ಪಿದರೂ ಮೇಲಿನ ಸ್ವರಗಳೆಲ್ಲ ಕಂಬಳಿ ಹೊದ್ದುಕೊಳ್ಳುತ್ತವೆ. ಎರಡೂ ಚಾನೆಲ್‌ಗಳನ್ನು ಕೂಡಿಸಿ ಮೊನೊ ಮಾಡಿ, ಹೆಡ್ಡಿನ ಪಕ್ಕದ ಸ್ಕ್ರೂವನ್ನು ಮೆಲ್ಲನೆ ತಿರುಗಿಸುತ್ತ ಕೇಳುತ್ತೇನೆ. ಒಂದು ಕ್ಷಣದಲ್ಲಿ ತಾಳದ ತಟ್ಟೆಗಳು ದಿಢೀರನೆ ಕಣ್ಣುಬಿಡುತ್ತವೆ. ಈ ಕೆಲಸದಲ್ಲಿ ನನಗೆ ಇಂದಿಗೂ ಬೇಸರ ಬರದ ಕ್ಷಣ ಅದು. ಪ್ರತಿ ಕ್ಯಾಸೆಟ್ಟಿಗೂ, ಅದರ ಪ್ರತಿ ಬದಿಗೂ ಇದನ್ನು ಹೊಸದಾಗಿಯೇ ಮಾಡಬೇಕು.

ಆಮೇಲೆ ಡಾಲ್ಬಿ, ಅಂದರೆ ಕ್ಯಾಸೆಟ್ಟಿನ ಸುಯ್ ಸದ್ದನ್ನು ಅಡಗಿಸುವ ವ್ಯವಸ್ಥೆ: ಮುದ್ರಿಸುವಾಗ ಮೆಲುವಾದ ತಾರಸ್ವರಗಳನ್ನು ಎತ್ತಿ, ನುಡಿಸುವಾಗ ಅಷ್ಟೇ ತಗ್ಗಿಸುತ್ತದೆ. ಇಲ್ಲೂ ಪೈಲಟ್ ಸ್ವರವೇ ತಲೆನೋವು. ಅದು ರೇಡಿಯೊದಿಂದ ಸೋರಿ ಡೆಕ್ಕಿಗೆ, ಅಂದರೆ ಕ್ಯಾಸೆಟ್ಟು ಮುದ್ರಿಸುವ ಯಂತ್ರಕ್ಕೆ, ಬಂದರೆ, ತಾರಸ್ವರಗಳು ಆಗಲೇ ಜೋರಾಗಿವೆ ಎಂದು ಡಾಲ್ಬಿ ಭ್ರಮಿಸಿ, ಅವನ್ನು ಎತ್ತಬೇಕಾದಷ್ಟು ಎತ್ತುವುದಿಲ್ಲ. ಟೇಪನ್ನು ನುಡಿಸುವಾಗ ಮಾತ್ರ ಮಾಮೂಲಿಯಾಗಿ ತಗ್ಗಿಸುತ್ತದೆ. ಫಲ, ಮಂಕು ಸದ್ದು. ಹಳೆಯ ಡೆಕ್ಕುಗಳಲ್ಲಿ ‘ಎಂಪಿಎಕ್ಸ್ ಫಿಲ್ಟರ್’ ಎಂಬ ಗುಂಡಿ ಇದ್ದದ್ದು ಇದಕ್ಕಾಗಿಯೇ. ಅದನ್ನು ಒತ್ತಲು ಮರೆತವರಿಗೆ ಲೆಕ್ಕವಿಲ್ಲ. ಹಾಗಾಗಿ ನಾನು ಡಾಲ್ಬಿ ಬಂದ್ ಮಾಡಿ, 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಇಳಿಸಿಕೊಂಡು ಆ ಕಡತವನ್ನು ಮುಟ್ಟದೆ ಎತ್ತಿಡುತ್ತೇನೆ. ತಿದ್ದುವ ಕಸರತ್ತೆಲ್ಲ ಅದರ ನಕಲಿನ ಮೇಲೆ.

ಸುರುಳಿ ಟೇಪಿನವರಿಗೆ ಒಂದೇ ಮಾತು: ಅಂಟಂಟಾಗಿ ಹೆಡ್ಡಿಗೆ ಕಚ್ಚಿಕೊಳ್ಳುತ್ತಿದ್ದರೆ ಕೂಡಲೇ ನಿಲ್ಲಿಸಿ, ತಿಳಿದವರಿಗೆ ಒಪ್ಪಿಸಿ. ಬಿಸಿ ಮಾಡಿ ಸರಿಪಡಿಸುತ್ತೇನೆಂದು ಅಡುಗೆಮನೆಯ ಓವನ್ನಿನ ಸಾಹಸ ಬೇಡ.

ನನ್ನ ನಿಜವಾದ ಜಗಳ ಇರುವುದು ‘ಸ್ವಚ್ಛಗೊಳಿಸುವ’ ತಂತ್ರಾಂಶಗಳ ಜೊತೆ. ಕ್ಯಾಸೆಟ್ಟಿನ ಸುಯ್ ಸದ್ದು ಹೋಗಲೆಂದು ತಂತ್ರಾಂಶದ ಪ್ರಮಾಣವನ್ನು ಪೂರ್ತಿ ಏರಿಸಿದರೆ ತಾಳದ ತಟ್ಟೆಯ ಬಾಲ, ಸಭಿಕರ ಉಸಿರು, ಸಭಾಂಗಣದ ಗಾಳಿ ಎಲ್ಲವೂ ಹೋಗಿ, ನೀರೊಳಗಿನಿಂದ ಬಂದಂಥ ಗುಳುಗುಳು ಉಳಿಯುತ್ತದೆ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ. ಸುಯ್ ಸದ್ದನ್ನು ನಮ್ಮ ಕಿವಿ ಐದು ನಿಮಿಷದಲ್ಲಿ ಮರೆಯುತ್ತದೆ. ಗುಳುಗುಳುವನ್ನು ಕೊನೆಯವರೆಗೂ ಮರೆಯುವುದಿಲ್ಲ.

ಹಂಚಿಕೊಳ್ಳುವ ವಿಷಯದಲ್ಲಿ ಹಳೆಯ ಅಭಿಮಾನಿಗಳ ಶಿಸ್ತು ನನಗೆ ಇಷ್ಟ. ಖಾಲಿ ಕ್ಯಾಸೆಟ್ಟು ಮತ್ತು ಅಂಚೆವೆಚ್ಚ ಕಳಿಸಿದವರಿಗೆ ಪ್ರತಿ ಸಿಗುತ್ತಿತ್ತು, ದುಡ್ಡಿಗೆ ಮಾರಾಟವಿಲ್ಲ. ಆದರೆ ಪ್ರತಿಯಿಂದ ಪ್ರತಿಗೆ ಸುಯ್ ಸದ್ದು ಏರುತ್ತಿತ್ತು. 2001ರಲ್ಲಿ ಬಂದ ಫ್ಲ್ಯಾಕ್‌ನಂಥ, ಎಷ್ಟು ನಕಲು ಮಾಡಿದರೂ ಸದ್ದಿಗೆ ನಷ್ಟವಿಲ್ಲದ ಡಿಜಿಟಲ್ ಕಡತಗಳು ಆ ಕಾಟ ತಪ್ಪಿಸಿದವು. ಈಗಲೂ ಒಳ್ಳೆಯ ಸಂಗ್ರಾಹಕರು ಕಡತದ ಜೊತೆ ಒಂದು ಪಠ್ಯ ಇಡುತ್ತಾರೆ: ಯಾವ ನಿಲಯ, ಯಾವ ಟೇಪು, ಎಷ್ಟನೆಯ ಪ್ರತಿ, ಯಾವ ಡೆಕ್ಕು, ಏನು ತಿದ್ದಿದೆ. 90 ನಿಮಿಷದ ಕ್ಯಾಸೆಟ್ಟನ್ನು ಮಗುಚುವಾಗ ಕಳೆದುಹೋದ ಹಾಡಿನ ತುಂಡನ್ನು, ಬೇರೆ ಹೊತ್ತಿನಲ್ಲಿ ಮಗುಚಿದ ಇನ್ನೊಬ್ಬರ ಟೇಪಿನಿಂದ ತಂದು ಹೊಲಿಯುವುದು ತಪ್ಪಲ್ಲ; ಹೊಲಿಗೆ ಎಲ್ಲಿದೆ ಎಂದು ಬರೆಯದಿರುವುದು ತಪ್ಪು. ಉಚಿತವಾಗಿ ಹಂಚಿದರೆ ಕಾನೂನು ಅಡ್ಡ ಬರುವುದಿಲ್ಲ ಎಂಬ ನಂಬಿಕೆಯೂ ಸರಿಯಲ್ಲ. ಹಾಡು ಬರೆದವರ ಹಕ್ಕು, ನುಡಿಸಿದವರ ಹಕ್ಕು, ಪ್ರಸಾರ ಮಾಡಿದವರ ಹಕ್ಕು ಬೇರೆ ಬೇರೆ. ಅಮೆರಿಕದ ಗ್ರೇಟ್‌ಫುಲ್ ಡೆಡ್ ತಂಡ 1984ರಲ್ಲಿ ಧ್ವನಿಮುದ್ರಣ ಮಾಡುವವರಿಗೆಂದೇ ಸಭಾಂಗಣದಲ್ಲಿ ಜಾಗ ಬಿಟ್ಟುಕೊಟ್ಟಿತು ನಿಜ, ಎಲ್ಲರೂ ಅಷ್ಟು ಉದಾರಿಗಳಲ್ಲ.

ಹೊಸದರಲ್ಲಿ ನಾನೂ ಒಂದು ಟೇಪು ಕೆಡಿಸಿದ್ದೇನೆ. ಹಾಡುಗಳ ನಡುವೆ ಉದ್ಘೋಷಕನ ಮಾತು ಕಿರಿಕಿರಿ ಎನ್ನಿಸಿ, ಒಂದೊಂದನ್ನೂ ನಾಜೂಕಾಗಿ ಕತ್ತರಿಸಿ ತೆಗೆದೆ. ಮುಟ್ಟದ ಪ್ರತಿಯನ್ನು ಎತ್ತಿಡುವ ಬುದ್ಧಿ ಆಗಿನ್ನೂ ಬಂದಿರಲಿಲ್ಲ. ಟೇಪಿನ ಒಡೆಯರು ಡಿಜಿಟಲ್ ಆಯಿತಲ್ಲ ಎಂದು ಕ್ಯಾಸೆಟ್ಟನ್ನು ಎಸೆದರು. ಕೆಲವು ವರ್ಷಗಳ ಬಳಿಕ ಒಬ್ಬರು ಬಂದು, ಆ ತಂಡ ಅದೇ ಊರಿನಲ್ಲಿ ಎರಡು ರಾತ್ರಿ ನುಡಿಸಿತ್ತು, ನಿಮ್ಮದು ಯಾವ ರಾತ್ರಿಯದು ಎಂದು ಕೇಳಿದರು. ಉದ್ಘೋಷಕ ಹೇಳಿದ್ದ. ಏನು ಹೇಳಿದ್ದ ಎಂದು ನನಗೆ ನೆನಪಿರಲಿಲ್ಲ. ಆ ಕಡತದ ಪಠ್ಯದಲ್ಲಿ ದಿನಾಂಕದ ಮುಂದೆ ಇಂದಿಗೂ ಪ್ರಶ್ನಾರ್ಥಕ ಚಿಹ್ನೆ ಇದೆ.