ಹವೀಜದ ಹೂವಿನ ಮೇಲಿರುವ ಸಣ್ಣ ತಿಗಣೆ ಯಾವುದು?

ಪ್ರಶ್ನೆ: ಯಲಬುರ್ಗಾ ಕಡೆಯ ನಮ್ಮ ಎರೆಹೊಲದಲ್ಲಿ ಹವೀಜ (ಕೊತ್ತಂಬರಿ) ಹೂಬಿಟ್ಟಿದೆ. ಹೂಗೊಂಚಲಿನ ಮೇಲೆ ಹಸಿರು ಮತ್ತು ಕಂದು, ಹೀಗೆ ಎರಡು ಜಾತಿಯ ಸಣ್ಣ ಹುಳುಗಳಿವೆ. ಅವುಗಳ ಹೆಸರೇನು?

ಉತ್ತರ: ಹಿಂಗಾರಿ ಹವೀಜ ಹೂಬಿಟ್ಟಾಗಲೆಲ್ಲ ಈ ಪ್ರಶ್ನೆ ಬರುತ್ತದೆ, ಬರುವಾಗ ‘ಬಣ್ಣ ಎರಡು, ಆದ್ದರಿಂದ ಜಾತಿಯೂ ಎರಡು’ ಎಂಬ ತೀರ್ಮಾನವನ್ನೂ ಹೊತ್ತುಕೊಂಡೇ ಬರುತ್ತದೆ. ನೀವು ಕಳಿಸಿದ ಚಿತ್ರಗಳಲ್ಲಿರುವ ಎರಡೂ ಚೂಪು ಮೂತಿಯಿಂದ ರಸ ಹೀರುವ, ಮಿರಿಡ್ ಎಂಬ ಕೀಟ ಕುಟುಂಬದ ತಿಗಣೆಗಳು. ಅವು ಒಂದೇ ಜಾತಿಯೋ ಎರಡೋ ಎಂಬುದನ್ನು ಬಣ್ಣ ಹೇಳಲಾರದು.

ಆಗತಾನೇ ಪೊರೆ ಕಳಚಿದ ತಿಗಣೆ ಬಿಳಿಚಿಕೊಂಡಿರುತ್ತದೆ, ಆಮೇಲೆ ಅದರ ಮೈಬಣ್ಣ ಗಾಢವಾಗುತ್ತ ಹೋಗುತ್ತದೆ. ಹಸಿರು ತಿಗಣೆಯನ್ನು ಸ್ಪಿರಿಟ್ಟಿನಲ್ಲಿ ಹಾಕಿಟ್ಟರೆ ಹಳದಿಗೆ ತಿರುಗುತ್ತದೆ. ಯುರೋಪಿನಲ್ಲಿ ಇದೇ ಕೊತ್ತಂಬರಿ ಕುಟುಂಬದ ಕಾಡುಗಿಡಗಳ ಹೂವಿನ ಮೇಲಿರುವ ಆರ್ಥಾಪ್ಸ್ ಕಾಲ್ಮೈ ಎಂಬ ಒಂದೇ ಜಾತಿಯಲ್ಲಿ ಹಳದಿಯಿಂದ ಕಡುಗಂದಿನವರೆಗೆ ಎಲ್ಲ ಛಾಯೆಗಳೂ ಇವೆ. ಹೀಗಿರುವಾಗ ಅಲ್ಲಿಯ ಚಿತ್ರವೊಂದರ ಬಣ್ಣಕ್ಕೆ ಇಲ್ಲಿಯ ಹುಳುವನ್ನು ಹೋಲಿಸಿ ಹೆಸರಿಡುವುದು, ಸೀರೆಯ ಬಣ್ಣ ನೋಡಿ ಮನೆತನದ ಹೆಸರು ಹೇಳಿದಂತೆ. ಎಷ್ಟೋ ಮಿರಿಡ್‌ಗಳಲ್ಲಿ ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸದೆ ಜಾತಿ ಖಚಿತವಾಗುವುದಿಲ್ಲ.

ಕುಟುಂಬವನ್ನು ಗುರುತಿಸಲು ಮಾತ್ರ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಸಾಕು. ಮುಂದಿನ ರೆಕ್ಕೆಯ ಬುಡ ತೊಗಲಿನಂತೆ ದಪ್ಪ, ತುದಿ ತೆಳುಪೊರೆ. ಇವೆರಡೂ ಕೂಡುವಲ್ಲಿ ಹೊರಅಂಚಿಗೆ ಬೆಣೆಯಾಕಾರದ ತುಣುಕೊಂದು ಮುರಿದು ಬಾಗಿದಂತೆ ಕಂಡು, ನೆತ್ತಿಯ ಮೇಲೆ ಸರಳ ಕಣ್ಣುಗಳು (ಚುಕ್ಕೆಯಂತಹ ಪುಟ್ಟ ಕಣ್ಣುಗಳು) ಇಲ್ಲದಿದ್ದರೆ ಅದು ಮಿರಿಡ್. ಬೆಣೆಯೂ ಇದ್ದು ಸರಳ ಕಣ್ಣುಗಳೂ ಇದ್ದರೆ ಅದು ಥ್ರಿಪ್ಸ್ ನುಸಿಯನ್ನು ತಿನ್ನುವ ಹೂತಿಗಣೆಯಾಗಿರಬಹುದು, ಔಷಧ ಹೊಡೆಯುವ ಮೊದಲು ಇದನ್ನು ನೋಡಲೇಬೇಕು. ಸರಳ ಕಣ್ಣುಗಳಿದ್ದು ಬೆಣೆಯಿಲ್ಲದ ಬೂದುಬಣ್ಣದ ತಿಗಣೆ ಬಹುತೇಕ ನೈಸಿಯಸ್ ಎಂಬ ಬೇರೆ ಕುಟುಂಬದ ತಿಗಣೆ. ರೆಕ್ಕೆಯ ಬದಲು ಮೊಗ್ಗಿನಂತಹ ಗುರುತುಗಳಷ್ಟೇ ಇದ್ದರೆ ಅದು ಮರಿ, ಬೇರೆ ಹುಳುವಲ್ಲ.

‘ಮಿರಿಡ್ ಎಂದರೆ ಪೀಡೆಯೇ?’ ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಹಾಲುದುಂಬಿದ ಜೋಳದ ಕಾಳನ್ನು ಹೀರುವ ತೆನೆತಿಗಣೆಯೂ, ಗಂಗಾವತಿಯ ಭತ್ತದ ಗದ್ದೆಯಲ್ಲಿ ಕಂದು ಜಿಗಿಹುಳುವಿನ ಮೊಟ್ಟೆಗಳನ್ನು ಹೀರಿ ರೈತನಿಗೆ ನೆರವಾಗುವ ಹಸಿರು ತಿಗಣೆಯೂ ಇದೇ ಕುಟುಂಬದವು. ಹವೀಜದ ಹೂವಿಗೆ ಜೇನು ಬರುವ ಹೊತ್ತಿನಲ್ಲಂತೂ ಔಷಧದ ಪಂಪನ್ನು ಹೆಗಲಿಗೇರಿಸಬೇಡಿ. ಮುಂದಿನ ಸಲ ಚಿತ್ರ ತೆಗೆಯುವಾಗ ರೆಕ್ಕೆ ಮತ್ತು ನೆತ್ತಿ ಎರಡೂ ಸ್ಪಷ್ಟವಾಗಿ ಕಾಣುವಂತೆ ನೇರ ಮೇಲಿನಿಂದ ತೆಗೆಯಿರಿ.