ಖಾಸಗಿ ಹೈಸ್ಕೂಲಿನ ಲ್ಯಾಕ್ರಾಸ್ ತಂಡ ಸೇರಲು ಕ್ಲಬ್ ಬೇಕೇ ಬೇಕಾ?

ಪ್ರಶ್ನೆ: ನಾವು ಅಮೆರಿಕದ ಮೇರಿಲ್ಯಾಂಡಿನ ಬಾಲ್ಟಿಮೋರ್ ಹತ್ತಿರ ಇದ್ದೇವೆ. ಮಗ ಆರನೇ ಕ್ಲಾಸು. ಊರಿನ ರೆಕ್ ಲೀಗಿನಲ್ಲಿ (ಯಾರು ಬೇಕಾದರೂ ಸೇರಬಹುದಾದ ಲೀಗು) ಲ್ಯಾಕ್ರಾಸ್ ಆಡ್ತಾನೆ. ಮುಂದೆ ಖಾಸಗಿ ಹೈಸ್ಕೂಲಿಗೆ ಸೇರಿ ಅಲ್ಲಿನ ತಂಡದಲ್ಲಿ ಆಡಬೇಕು ಅಂತ ಅವನಿಗೆ ಆಸೆ. ಶಾಲೆಯ ಹೊರಗೆ, ಆಯ್ಕೆಯಾಗಿ ಫೀಸು ಕೊಟ್ಟು ಸೇರುವ ಕ್ಲಬ್ ತಂಡಕ್ಕೆ ಈಗಲೇ ಹಾಕದಿದ್ದರೆ ಕಷ್ಟ ಅಂತ ಬೇರೆ ಪೋಷಕರು ಹೇಳ್ತಾರೆ. ನಿಜವಾ?

ಉತ್ತರ: ನಿಮ್ಮ ಕಡೆಯ ಮಟ್ಟಿಗೆ ಅವರ ಮಾತು ಬಹುಪಾಲು ನಿಜ. ಆದರೆ ಆರನೇ ಕ್ಲಾಸಿಗೇ ಗಾಬರಿ ಬೇಡ. ಇದು ಹೇಗೆ ನಡೆಯುತ್ತದೆ ಅಂತ ಗೊತ್ತಾದರೆ ಯಾವಾಗ ಏನು ಮಾಡಬೇಕು ಅನ್ನುವುದೂ ಸ್ಪಷ್ಟವಾಗುತ್ತದೆ.

ಆಟದ ಪರಿಚಯವಿಲ್ಲದವರಿಗೆ ಎರಡು ಮಾತು. ತುದಿಯಲ್ಲಿ ಬಲೆ ಇರುವ ಕೋಲಿನಿಂದ ಚೆಂಡು ಹಿಡಿದು, ಎಸೆದು, ಗೋಲು ಹೊಡೆಯುವ ಆಟ ಇದು. ಹುಡುಗರ ಆಟದಲ್ಲಿ ಒಂದು ಕಡೆಗೆ 10 ಜನ. ಉತ್ತರ ಅಮೆರಿಕದ ಮೂಲನಿವಾಸಿಗಳ ಆಟ, ಹೊಡಿನೊಶೋನಿ ಜನರಿಗೆ ಇವತ್ತಿಗೂ ಪವಿತ್ರವಾದದ್ದು. ಮೇರಿಲ್ಯಾಂಡ್ 2004ರಲ್ಲಿ ಇದನ್ನು ರಾಜ್ಯದ ಅಧಿಕೃತ ತಂಡ ಕ್ರೀಡೆ ಮಾಡಿಕೊಂಡಿತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲೂ ಇದು ಇದೆ. ಆ ತೀರ್ಮಾನ ಆಗಿದ್ದು 2023ರ ಅಕ್ಟೋಬರಿನಲ್ಲಿ ನಮ್ಮ ಮುಂಬೈನಲ್ಲಿ, ಕ್ರಿಕೆಟ್ ಸೇರಿದ ಅದೇ ಸಭೆಯಲ್ಲಿ.

ಈಗ ವಿಷಯಕ್ಕೆ. ಸರ್ಕಾರಿ ಹೈಸ್ಕೂಲು ಸಾಮಾನ್ಯವಾಗಿ ತನ್ನ ಸುತ್ತಲಿನ ಬಡಾವಣೆಯ ಮಕ್ಕಳನ್ನು ಸೇರಿಸಿಕೊಳ್ಳುತ್ತದೆ. ಬಂದವರಲ್ಲೇ ಕೋಚ್ ತಂಡ ಕಟ್ಟಬೇಕು. ಖಾಸಗಿ ಶಾಲೆಗೆ ಆ ಗಡಿ ಇಲ್ಲ. ಬಾಲ್ಟಿಮೋರ್ ಸುತ್ತಲಿನ ಖಾಸಗಿ ಶಾಲೆಗಳ ಹುಡುಗರ ತಂಡಗಳು ಎಂಐಎಎ ಎಂಬ ಲೀಗಿನಲ್ಲಿ ಆಡುತ್ತವೆ. ಅದರ 'ಎ' ವಿಭಾಗದಲ್ಲಿ ಹೆಸರು ಮಾಡಿದ ಮೆಕ್‌ಡೊನೋ, ಕ್ಯಾಲ್ವರ್ಟ್ ಹಾಲ್, ಬಾಯ್ಸ್ ಲ್ಯಾಟಿನ್, ಗಿಲ್ಮನ್, ಲೊಯೋಲ ಬ್ಲೇಕ್‌ಫೀಲ್ಡ್ ತಂಡಗಳು ದೇಶದಲ್ಲೇ ಗಟ್ಟಿ ತಂಡಗಳು. ಇವಕ್ಕೆ ಮಕ್ಕಳು ಹತ್ತಾರು ಊರುಗಳಿಂದ ಬರುತ್ತಾರೆ. ಒಂಬತ್ತನೇ ಕ್ಲಾಸಿಗೆ ಸೇರಲು ಎಂಟನೇ ಕ್ಲಾಸಿನಲ್ಲೇ ಅರ್ಜಿ ಹಾಕಬೇಕು. ಅಷ್ಟರೊಳಗೆ ಹುಡುಗನ ಆಟ ಕೋಚ್ ಕಣ್ಣಿಗೆ ಬೀಳಬೇಕು. ಹತ್ತಾರು ಊರಿನ ಒಳ್ಳೆ ಆಟಗಾರರು ಒಂದೇ ಮೈದಾನದಲ್ಲಿ ಸಿಗುವುದು ಎಲ್ಲಿ? ಕ್ಲಬ್ ಟೂರ್ನಿಯಲ್ಲಿ. ಕೆಲವು ಕೋಚ್‌ಗಳು ಶಾಲೆಯಲ್ಲೂ ಇರುತ್ತಾರೆ, ಕ್ಲಬ್ಬಿನಲ್ಲೂ ಕಲಿಸುತ್ತಾರೆ. ಹಾಗಾಗಿ ಬಾಲ್ಟಿಮೋರ್ ಕ್ರ್ಯಾಬ್ಸ್ ಥರದ ಕ್ಲಬ್ಬಿನ ಎಂಟನೇ ಕ್ಲಾಸ್ ತಂಡ ನೋಡಿದರೆ, ಮೂರು ವರ್ಷದ ನಂತರದ ಶಾಲಾ ತಂಡಗಳು ಹೆಚ್ಚುಕಡಿಮೆ ಅಲ್ಲೇ ಕಾಣುತ್ತವೆ.

ಕ್ಲಬ್ಬಿಗೆ ಇಷ್ಟು ಬಲ ಬಂದಿದ್ದಕ್ಕೆ ಇನ್ನೂ ದೊಡ್ಡ ಕಾರಣ ಕ್ಯಾಲೆಂಡರ್. ಹೈಸ್ಕೂಲ್ ಲ್ಯಾಕ್ರಾಸ್ ನಡೆಯುವುದು ವಸಂತದಲ್ಲಿ. ಕಾಲೇಜು ಲ್ಯಾಕ್ರಾಸ್ ಕೂಡ ಆಗಲೇ. ಕಾಲೇಜಿನ ಫೈನಲ್ ಮೇ ಕೊನೆಯ ಮೆಮೋರಿಯಲ್ ಡೇ ವಾರಾಂತ್ಯದಲ್ಲಿ. ಅಲ್ಲಿವರೆಗೆ ಕಾಲೇಜು ಕೋಚ್‌ಗಳಿಗೆ ತಮ್ಮ ತಂಡ ಬಿಟ್ಟು ಹೈಸ್ಕೂಲ್ ಆಟ ನೋಡಲು ಪುರುಸೊತ್ತೇ ಇರುವುದಿಲ್ಲ. ಅವರಿಗೆ ಬಿಡುವು ಸಿಗುವುದು ಬೇಸಿಗೆಯಲ್ಲಿ, ಆಮೇಲೆ ಶರತ್ಕಾಲದಲ್ಲಿ. ಆಗ ಶಾಲಾ ತಂಡಗಳಿಗೆ ಸೀಸನ್ ಇಲ್ಲ, ಆಡುವುದು ಕ್ಲಬ್‌ಗಳು. ಕಾಲೇಜಿನ ಆಸೆ ಇರುವ ಹುಡುಗ ಕ್ಲಬ್ಬಿಗೆ ಹೋಗುತ್ತಾನೆ. ಕಾಲೇಜಿಗೆ ಆಟಗಾರರನ್ನು ಕಳಿಸುವ ಹೆಸರು ಬೇಕಾದ ಶಾಲೆ ಅಂಥ ಹುಡುಗರನ್ನೇ ಹುಡುಕುತ್ತದೆ.

ಒಂದು ಕಾಲದಲ್ಲಿ ಇದು ಮಿತಿಮೀರಿತ್ತು. ಎಂಟನೇ, ಒಂಬತ್ತನೇ ಕ್ಲಾಸಿನ ಮಕ್ಕಳೇ ಇಂಥ ಕಾಲೇಜಿಗೆ ಆಡುತ್ತೇವೆ ಅಂತ ಬಾಯಿಮಾತಿನ ಒಪ್ಪಂದ ಮಾಡಿಕೊಳ್ಳುತ್ತಿದ್ದರು. ಹೈಸ್ಕೂಲಿನಲ್ಲಿ ಒಂದು ಪಂದ್ಯವನ್ನೂ ಆಡದ ಮಗು! 2017ರಲ್ಲಿ ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆ ಇದಕ್ಕೆ ತಡೆ ಹಾಕಿತು. ಈಗ ಡಿವಿಷನ್ 1 (ಕಾಲೇಜು ಆಟದ ಅತಿ ಮೇಲಿನ ಮಟ್ಟ) ಕೋಚ್‌ಗಳು 11ನೇ ಕ್ಲಾಸಿನ ಸೆಪ್ಟೆಂಬರ್ 1ಕ್ಕೆ ಮುಂಚೆ ತಂಡಕ್ಕೆ ಸೇರಿಸಿಕೊಳ್ಳುವ ಮಾತುಕತೆ ನಡೆಸುವಂತಿಲ್ಲ. ಕಾಲೇಜು ಕೋಚ್‌ಗಳ ಸಂಘಗಳೇ ಈ ನಿಯಮ ಬೇಕು ಅಂತ ಕೇಳಿದ್ದವು. ಮಕ್ಕಳ ಪರವಾಗಿ ಈ ಆಟದಲ್ಲಿ ಆಗಿರುವ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು ಅಂತ ನನ್ನ ನಂಬಿಕೆ. ನಿಮಗೂ ಇದರಿಂದ ಒಂದೆರಡು ವರ್ಷ ಉಸಿರಾಡಲು ಸಮಯ ಸಿಕ್ಕಿದೆ.

ಇನ್ನೊಂದು ಅಭ್ಯಾಸ ಮಾತ್ರ ನಿಂತಿಲ್ಲ. ಅನೇಕ ಕ್ಲಬ್‌ಗಳು ತಂಡಗಳನ್ನು ವಯಸ್ಸಿನ ಮೇಲೆ ವಿಂಗಡಿಸುವುದಿಲ್ಲ, ಹೈಸ್ಕೂಲು ಮುಗಿಸುವ ವರ್ಷದ ಮೇಲೆ ವಿಂಗಡಿಸುತ್ತವೆ. ಆದ್ದರಿಂದ ಸರ್ಕಾರಿ ಶಾಲೆಯಿಂದ ಖಾಸಗಿ ಶಾಲೆಗೆ ಬರುವಾಗ ಎಂಟನೇ ಕ್ಲಾಸನ್ನೋ ಒಂಬತ್ತನೇ ಕ್ಲಾಸನ್ನೋ ಇನ್ನೊಮ್ಮೆ ಓದಿಸುವ ಪೋಷಕರಿದ್ದಾರೆ. ಒಂದು ವರ್ಷ ದೊಡ್ಡವನಾದರೆ ಎತ್ತರ, ತೂಕ, ಬಲ ಎಲ್ಲ ಜಾಸ್ತಿ, ಅಲ್ವಾ? ಬಾಲ್ಟಿಮೋರಿನ ಕೆಲವು ಖಾಸಗಿ ಶಾಲೆಗಳಲ್ಲಿ ಕಿಂಡರ್‌ಗಾರ್ಟನ್‌ಗೂ ಒಂದನೇ ಕ್ಲಾಸಿಗೂ ನಡುವೆ 'ಪ್ರಿ-ಫಸ್ಟ್' ಎಂಬ ವರ್ಷವೇ ಇದೆ. ಅದಿರುವುದು ಆಟಕ್ಕಾಗಿ ಅಲ್ಲ, ಆದರೂ ಅಲ್ಲಿ ಓದಿದ ಮಕ್ಕಳು ತಮ್ಮ ಕ್ಲಾಸಿಗೆ ಸ್ವಲ್ಪ ದೊಡ್ಡವರೇ. ನಿಮ್ಮ ಮಗ ಮೈದಾನದಲ್ಲಿ ಚಿಕ್ಕವನಾಗಿ ಕಂಡರೆ ಅದು ಅವನ ಕೊರತೆ ಅಂತ ಎಣಿಸಬೇಡಿ. ಎದುರಿಗಿರುವ ಹುಡುಗ ಒಂದೂವರೆ ವರ್ಷ ಹಿರಿಯನಾಗಿರಬಹುದು. ಬರೀ ಆಟಕ್ಕೋಸ್ಕರ ಚೆನ್ನಾಗಿ ಓದುತ್ತಿರುವ ಮಗುವನ್ನು ಒಂದು ವರ್ಷ ಹಿಂದೆ ನಿಲ್ಲಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಕ್ಲಬ್‌ಗಳಿಂದಾಗಿ ಶಾಲಾ ತಂಡದ ಒಳಗೆ ಏನು ಬದಲಾಗಿದೆ? ಎರಡೂ ಕೈಯಲ್ಲಿ ಚೆಂಡು ಹಿಡಿಯುವುದು, ಎಸೆಯುವುದು ಒಂಬತ್ತನೇ ಕ್ಲಾಸಿಗೆ ಬಂದಿರಲೇಬೇಕು. ಫೇಸ್‌ಆಫ್ (ಆಟ ಶುರುವಾಗುವಾಗ ಚೆಂಡಿಗಾಗಿ ಇಬ್ಬರ ಸೆಣಸಾಟ) ಮಾತ್ರ ಮಾಡುವವನು, ಗೋಲ್‌ಕೀಪರ್, ಉದ್ದ ಕೋಲಿನ ಡಿಫೆಂಡರ್ ಇವರೆಲ್ಲ ತಯಾರಾಗಿಯೇ ಬರುತ್ತಾರೆ. ಅದರಿಂದ ನಷ್ಟವಾಗುವುದು ತಡವಾಗಿ ಆಟ ಶುರು ಮಾಡುವ ಮಗುವಿಗೆ, ಕ್ಲಬ್ ಫೀಸು, ಪ್ರಯಾಣ, ಹೋಟೆಲ್ ಖರ್ಚು ಭರಿಸಲಾಗದ ಮನೆಗೆ. ಈ ಆಟವನ್ನು ಪ್ರೀತಿಸುವವರು ಇದರ ಬಗ್ಗೆ ಇನ್ನೂ ಗಟ್ಟಿಯಾಗಿ ಮಾತಾಡಬೇಕು.

ಕ್ಲಬ್ ಕಲಿಸಲಾಗದ್ದೂ ಇದೆ. ಕ್ಲಬ್ಬಿನ ಅಭ್ಯಾಸ ವಾರಕ್ಕೆ ಒಂದೆರಡು ದಿನ, ಮತ್ತೆ ವಾರಾಂತ್ಯಕ್ಕೆ ಸಾಲು ಪಂದ್ಯ. ಶಾಲೆಯಲ್ಲಿ ಮಾರ್ಚಿನಿಂದ ಮೇವರೆಗೆ ಹೆಚ್ಚುಕಡಿಮೆ ದಿನಾ ಅಭ್ಯಾಸ. ಡಿಫೆನ್ಸಿನಲ್ಲಿ ಒಬ್ಬ ತನ್ನ ಜಾಗ ಬಿಟ್ಟು ಸಹಾಯಕ್ಕೆ ಹೋದರೆ ಇನ್ನೊಬ್ಬ ಎಲ್ಲಿಗೆ ಬರಬೇಕು, ಚೆಂಡು ಕಳೆದುಕೊಂಡ ಮೇಲೆ ಹೇಗೆ ಓಡಿ ಹಿಂದೆ ಬರಬೇಕು, ಇವೆಲ್ಲ ಮೈಗೆ ಹತ್ತುವುದು ಅಲ್ಲಿ. ಕಾಲೇಜು ಕೋಚ್ ಆಟವನ್ನು ಬೇಸಿಗೆಯಲ್ಲಿ ನೋಡಿದರೂ, ಹುಡುಗ ಹೇಗೆ ಅಂತ ಫೋನ್ ಮಾಡಿ ಕೇಳುವುದು ಶಾಲೆಯ ಕೋಚನ್ನೂ.

ಹೆಣ್ಣುಮಕ್ಕಳ ಲೆಕ್ಕವೂ ಇದೇ, ಲೀಗ್ ಮತ್ತು ಕ್ಲಬ್ ಬೇರೆ. 

ಕಾಲೇಜು ಸ್ಕಾಲರ್‌ಶಿಪ್ ನೆಚ್ಚಿಕೊಂಡು ಕ್ಲಬ್ಬಿಗೆ ಹಣ ಸುರಿಯಬೇಡಿ. 2025ರವರೆಗೆ ಒಂದು ಡಿವಿಷನ್ 1 ಪುರುಷರ ತಂಡಕ್ಕೆ ಇದ್ದದ್ದು ಒಟ್ಟು 12.6 ಪೂರ್ತಿ ಸ್ಕಾಲರ್‌ಶಿಪ್‌ನಷ್ಟು ಹಣ. ಅದನ್ನು 40ಕ್ಕೂ ಹೆಚ್ಚು ಆಟಗಾರರಿರುವ ತಂಡದಲ್ಲಿ ಹಂಚಬೇಕಿತ್ತು. ಈಗ ನಿಯಮ ಬದಲಾಗಿದೆ, ಆದರೆ ಎಲ್ಲರಿಗೂ ಪೂರ್ತಿ ಫೀಸು ಸಿಗುವ ಆಟ ಇದಲ್ಲ.

ನಾನು ನಿಮ್ಮ ಜಾಗದಲ್ಲಿದ್ದರೆ ಈ ವರ್ಷ ರೆಕ್ ಲೀಗಿನಲ್ಲೇ ಬಿಡುತ್ತಿದ್ದೆ. ಜೊತೆಗೆ ದಿನಾ ಗೋಡೆಗೆ ಚೆಂಡು ಎಸೆದು ಹಿಡಿಯುವ ಅಭ್ಯಾಸ, ಬಲಗೈ ಎಡಗೈ ಎರಡರಲ್ಲೂ. ಅದಕ್ಕೆ ಕಾಸು ಬೇಕಿಲ್ಲ. ಏಳನೇ ಕ್ಲಾಸಿಗೆ ಕ್ಲಬ್ಬಿನ ಟ್ರೈಔಟಿಗೆ, ಅಂದರೆ ಆಟಗಾರರ ಆಯ್ಕೆಗೆ, ಕರೆದುಕೊಂಡು ಹೋಗಿ. ದೊಡ್ಡ ಹೆಸರಿನ ಕ್ಲಬ್ಬಿನಲ್ಲಿ ಬೆಂಚಿನ ಮೇಲೆ ಕೂರುವುದಕ್ಕಿಂತ, ಸಣ್ಣ ಕ್ಲಬ್ಬಿನಲ್ಲಿ ಪೂರ್ತಿ ಆಡುವುದು ಮೇಲು. ಸೇರಿಸುವ ಮುಂಚೆ ಎರಡು ವಿಷಯ ಕೇಳಿ: ಅಭ್ಯಾಸ ಮಾಡಿಸುವವರು ಯಾರು, ಎಲ್ಲರಿಗೂ ಎಷ್ಟು ಹೊತ್ತು ಆಡಲು ಬಿಡುತ್ತಾರೆ. ಶಾಲೆಗಳನ್ನು ನೋಡುವಾಗ ವಾರ್ಸಿಟಿ, ಅಂದರೆ ಶಾಲೆಯ ಮುಖ್ಯ ತಂಡದ ಪಂದ್ಯ ಮಾತ್ರ ನೋಡಿ ಬರಬೇಡಿ. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ ಜೆವಿ, ಅಂದರೆ ಅದರ ಕೆಳಗಿನ ಎರಡನೇ ತಂಡದ ಪಂದ್ಯಕ್ಕೆ ಹೋಗಿ. ನಿಮ್ಮ ಮಗ ಮೊದಲ ಎರಡು ವರ್ಷ ಆಡುವುದು ಬಹುಶಃ ಅಲ್ಲೇ. ತಪ್ಪು ಮಾಡಿ ಹೊರಬಂದ ಹುಡುಗನ ಹತ್ತಿರ ಕೋಚ್ ಹೇಗೆ ಮಾತಾಡುತ್ತಾರೆ, ಅವನನ್ನು ಮತ್ತೆ ಆಟಕ್ಕೆ ಕಳಿಸುತ್ತಾರಾ ಅಂತ ಗಮನಿಸಿ.