ಜೈಸಲ್ಮೇರ್ ತನಕ ಹೋಗಲು ದಿನ ಸಾಲದಿದ್ದರೆ ಓಸಿಯಾನ್ ಸಾಕಾ?

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ಹಾಸನದಿಂದ ಜೋಧಪುರಕ್ಕೆ ಹೋಗುತ್ತಿದ್ದೇವೆ. ಜೈಸಲ್ಮೇರ್ ತನಕ ಹೋಗುವಷ್ಟು ದಿನ ಇಲ್ಲ. ಹತ್ತಿರದಲ್ಲೇ ಓಸಿಯಾನ್ ಅಂತ ಒಂದು ಚಿಕ್ಕ ಊರಿದೆಯಂತೆ. ಅಲ್ಲಿ ನಿಜವಾದ ಮರಳುಗಾಡು ನೋಡಲು ಸಿಗುತ್ತಾ? ಜೊತೆಗೆ ಅಮ್ಮ ಇರುತ್ತಾರೆ, ಅವರಿಗೆ ಮಂಡಿ ನೋವು.

ಸಿಗುತ್ತದೆ, ಧೈರ್ಯವಾಗಿ ಹೋಗಿ. ಆದರೆ ಒಂಟೆ ಹತ್ತಿ, ಮರಳಲ್ಲಿ ಫೋಟೋ ತೆಗೆದುಕೊಂಡು ವಾಪಸ್ ಬರಬೇಡಿ. ಓಸಿಯಾನ್ ಮರಳಿಗಿಂತ ಮೊದಲು ಗುಡಿಗಳ ಊರು. ಬೇಲೂರು, ಹಳೇಬೀಡು ನೋಡುತ್ತಾ ಬೆಳೆದ ನಮ್ಮ ಕಡೆಯವರಿಗೆ ಅಲ್ಲಿ ಕಾಣುವಷ್ಟು ಬೇರೆಯವರಿಗೆ ಕಾಣುವುದು ಕಷ್ಟ ಎಂದೇ ನನ್ನ ನಂಬಿಕೆ.

ದೂರದ ಲೆಕ್ಕ ಮುಗಿಸಿಬಿಡೋಣ. ಓಸಿಯಾನ್ ಇರುವುದು ಜೋಧಪುರದ ಉತ್ತರಕ್ಕೆ, ಸುಮಾರು 65 ಕಿ.ಮೀ. ಕಾರಿನಲ್ಲಿ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಬಸ್ ಇದೆ. ಜೈಸಲ್ಮೇರ್ ರೈಲು ಮಾರ್ಗದಲ್ಲೇ ಊರು ಇರುವುದರಿಂದ ರೈಲೂ ಸಿಗುತ್ತದೆ. ಜೈಸಲ್ಮೇರ್ ಆದರೆ ಜೋಧಪುರದಿಂದ 280 ಕಿ.ಮೀ. ಹತ್ತಿರ ಹತ್ತಿರ, ಅಲ್ಲಿಂದ ಸಮ್ ಮರಳು ದಿಬ್ಬಗಳಿಗೆ ಮತ್ತೆ 40 ಕಿ.ಮೀ. ಒಂದು ಹಗಲು, ಒಂದು ರಾತ್ರಿ ಮಾತ್ರ ಕೈಯಲ್ಲಿ ಇದ್ದವರು ಅಷ್ಟು ದೂರ ಓಡುವುದು ಸುಮ್ನೆ ದಣಿವು. ಇನ್ನು ಹುಬ್ಬಳ್ಳಿ ಮಾರ್ಗದ ಬೆಂಗಳೂರು–ಜೋಧಪುರ ರೈಲು ನಮ್ಮ ಅರಸೀಕೆರೆ ಮೇಲೇ ಹೋಗುತ್ತದೆ. ದಿನಾ ಓಡುವ ರೈಲಲ್ಲ, ವಾರ ನೋಡಿಕೊಂಡು ಟಿಕೆಟ್ ಮಾಡಿಸಿ.

ಈಗ "ನಿಜವಾದ ಮರಳುಗಾಡು" ಅನ್ನುವ ಮಾತಿಗೆ ಬರೋಣ. ಕಣ್ಣು ಹಾಯಿಸಿದಷ್ಟೂ ಬರೀ ಮರಳು, ಒಂದು ಗಿಡವೂ ಇಲ್ಲ ಎಂದುಕೊಂಡು ಹೋದರೆ ಬೇಸರವಾದೀತು. ಥಾರ್ ಹಾಗಿಲ್ಲ. ಅದು ಜನ ವಾಸ ಮಾಡುವ ಮರುಭೂಮಿ. ಜಗತ್ತಿನ ಮರುಭೂಮಿಗಳಲ್ಲಿ ಇಷ್ಟು ಜನ ಒತ್ತಾಗಿ ಬದುಕುವ ಜಾಗ ಅಪರೂಪ. ಓಸಿಯಾನ್ ಸುತ್ತಮುತ್ತ ಮರಳು ದಿಬ್ಬಗಳಿವೆ, ಅವುಗಳ ನಡುವೆಯೇ ಸಜ್ಜೆ ಹೊಲ, ಕುರಿ ಹಟ್ಟಿ, ಮುಳ್ಳು ಗಿಡಗಳೂ ಇವೆ. ಜೋಧಪುರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 360 ಮಿ.ಮೀ. ಸಕಲೇಶಪುರದ ಕಡೆ ಅದು ಎರಡು ಸಾವಿರ ದಾಟುತ್ತದೆ. ಅಷ್ಟು ಕಡಿಮೆ ನೀರಲ್ಲಿ ಸಂಸಾರ ಮಾಡುವುದು ಹೇಗೆಂದು ನೋಡಲಿಕ್ಕಾದರೂ ಮಲೆನಾಡಿನವರು ಅಲ್ಲಿಗೆ ಹೋಗಬೇಕು.

ಹೊಲದ ನಡುವೆ ಒಂಟೊಂಟಿಯಾಗಿ ನಿಂತ, ಸಣ್ಣ ಎಲೆಯ ಮರಗಳು ಕಾಣುತ್ತವೆ. ಅಲ್ಲಿನವರು ಖೇಜ್ರಿ ಅನ್ನುತ್ತಾರೆ. ನಾವು ವಿಜಯದಶಮಿ ದಿನ ಪೂಜೆ ಮಾಡುವ ಬನ್ನಿ ಮರ ಅದೇ. ನಮ್ಮಲ್ಲಿ ಊರಿಗೊಂದು ಬನ್ನಿ ಇದ್ದರೆ ಹೆಚ್ಚು. ಅಲ್ಲಿ ಜೀವನವೇ ಅದರ ಮೇಲೆ ನಿಂತಿದೆ. ಸೊಪ್ಪು ಮೇಕೆ, ಒಂಟೆಗಳಿಗೆ ಮೇವು. ಕಾಯಿ ಒಣಗಿಸಿ ಇಟ್ಟುಕೊಂಡರೆ ಅದೇ ಸಾಂಗ್ರಿ. ಕೇರ್ ಅನ್ನುವ ಇನ್ನೊಂದು ಮುಳ್ಳು ಗಿಡದ ಕಾಯಿ ಜೊತೆ ಸೇರಿಸಿ ಪಲ್ಯ ಮಾಡುತ್ತಾರೆ. ಸಜ್ಜೆ ರೊಟ್ಟಿ ಜೊತೆ ಅದನ್ನು ಕೇಳಿ ತಿನ್ನಿ. ಈ ಮರ ಕಡಿಯಬಾರದು ಎಂದು 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿಯಲ್ಲಿ ಬಿಷ್ಣೋಯಿ ಸಮುದಾಯದ 363 ಜನ ಪ್ರಾಣ ಕೊಟ್ಟರು. ಅಮೃತಾದೇವಿ ಎಂಬ ಹೆಂಗಸು ಮೊದಲು ಮರ ತಬ್ಬಿ ನಿಂತವರು. ಇದು ಗೊತ್ತಿದ್ದು ಆ ಮರ ನೋಡಿದರೆ ಸುಮ್ಮನೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಗುಡಿಗಳ ವಿಷಯ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಓಸಿಯಾನ್‌ನ ಹಳೆಯ ಗುಡಿಗಳು 8 ಮತ್ತು 9ನೇ ಶತಮಾನದವು. ಬೇಲೂರು ಗುಡಿ ಶುರುವಾದದ್ದು 1117ರಲ್ಲಿ. ಅಂದರೆ ಬೇಲೂರಿನ ಶಿಲ್ಪಿಗಳು ಉಳಿ ಹಿಡಿಯುವ ಸುಮಾರು ಮುನ್ನೂರು ವರ್ಷ ಮೊದಲೇ ಅಲ್ಲಿ ಕೆಲಸ ನಡೆದಿತ್ತು. ಅಲ್ಲಿನ ಮಹಾವೀರ ಗುಡಿ ಪ್ರತೀಹಾರ ದೊರೆ ವತ್ಸರಾಜನ ಕಾಲದಲ್ಲೇ ಇತ್ತೆಂದು ಅಲ್ಲೇ ಸಿಕ್ಕ 956ರ ಶಾಸನ ಹೇಳುತ್ತದೆ. ಈ ವತ್ಸರಾಜ ನಮಗೂ ಗೊತ್ತಿರಬೇಕಾದವನು. ಅವನನ್ನು ಸೋಲಿಸಿದ್ದು ನಮ್ಮ ರಾಷ್ಟ್ರಕೂಟರ ಧ್ರುವ. ಧ್ರುವನ ಮಗ ಮೂರನೇ ಗೋವಿಂದನ ಶಾಸನದಲ್ಲಿ ವತ್ಸರಾಜನನ್ನು ಮರುಭೂಮಿಯ ನಡುವಿಗೆ ಅಟ್ಟಿದರು ಎಂಬ ಮಾತಿದೆ. ಸೋತ ದೊರೆ ಸೇರಿಕೊಂಡ ಆ ಮರಳು ನಾಡಿನಲ್ಲೇ ನೀವು ನಿಂತಿರುತ್ತೀರಿ.

ಊರಿನ ಅಂಚಿನಲ್ಲಿರುವ ಹರಿಹರ ಗುಡಿಗಳ ಗುಂಪನ್ನು ಬಿಡಬೇಡಿ. ಪ್ರವಾಸಿಗಳ ಗದ್ದಲ ಅಲ್ಲಿ ಕಡಿಮೆ. ನಮ್ಮಲ್ಲಿ ಇರುವ ಹಾಗೆಯೇ ಎತ್ತರದ ಜಗತಿ, ಅಂದರೆ ಗುಡಿ ನಿಲ್ಲುವ ಕಟ್ಟೆ, ಇದೆ. ಒಂದು ಮುಖ್ಯ ಗುಡಿ, ನಾಲ್ಕು ಮೂಲೆಗೆ ನಾಲ್ಕು ಚಿಕ್ಕ ಗುಡಿ ಇರುವ ಪಂಚಾಯತನದ ಕ್ರಮವೂ ಇದೆ. ಹೊರಗೋಡೆಯ ಸುತ್ತ ದೇವರು, ದಿಕ್ಪಾಲರು, ಬಳ್ಳಿ. ವ್ಯತ್ಯಾಸ ಕಲ್ಲಿನಲ್ಲಿ. ಹೊಯ್ಸಳರದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ. ಅದಕ್ಕೇ ಬೇಲೂರಿನ ಮದನಿಕೆಯ ಬಳೆ, ಸರ ಅಷ್ಟು ಸೂಕ್ಷ್ಮ. ಓಸಿಯಾನ್‌ನದು ಮರಳುಗಲ್ಲು. ಅಲ್ಲಿ ಒಡವೆಗಿಂತ ಮೈಕಟ್ಟು, ನಿಲುವು ಮುಂದೆ ಬರುತ್ತವೆ. ಬೇಲೂರಲ್ಲೂ ಹಳೇಬೀಡಲ್ಲೂ ಶಿಖರ ಉಳಿದಿಲ್ಲ ಅಲ್ವಾ? ಇಲ್ಲಿ ಕೆಲವು ಗುಡಿಗಳ ಶಿಖರ ಇನ್ನೂ ನಿಂತಿದೆ. ಬಾಗುತ್ತಾ ಮೇಲೇರುವ ಉತ್ತರದ ನಾಗರ ಶಿಖರ ಅದು. ಹೊರಡುವ ಮುಂಚೆ ಒಂದು ಭಾನುವಾರ ಹಾಸನದ ಹತ್ತಿರದ ದೊಡ್ಡಗದ್ದವಳ್ಳಿಗೆ ಹೋಗಿ ಅಲ್ಲಿನ ಹೊಯ್ಸಳ ಗುಡಿಯ ಶಿಖರಗಳನ್ನು ನೋಡಿ ಬನ್ನಿ. ಆಮೇಲೆ ಓಸಿಯಾನ್‌ನಲ್ಲಿ ಯಾರೂ ವಿವರಿಸದೆಯೇ ವ್ಯತ್ಯಾಸ ಅರ್ಥವಾಗುತ್ತದೆ.

ಜೈನ ಗುಡಿಯೂ ವೈದಿಕ ಗುಡಿಗಳೂ ಒಂದೇ ಊರಲ್ಲಿ ಅಕ್ಕಪಕ್ಕ ಇರುವುದು ನಮಗೆ ಹೊಸದೇನಲ್ಲ. ಹಳೇಬೀಡಲ್ಲಿ ಹೊಯ್ಸಳೇಶ್ವರನಿಂದ ಸ್ವಲ್ಪ ದೂರಕ್ಕೇ ಬಸದಿಗಳಿವೆ. ಆದರೂ ಹೆಚ್ಚಿನವರು ಅವನ್ನು ನೋಡದೆ ಬಸ್ ಹತ್ತುತ್ತಾರೆ. ಓಸಿಯಾನ್‌ನಲ್ಲಿ ಹಾಗೆ ಮಾಡಬೇಡಿ. ನಮ್ಮ ಪೇಟೆಗಳಲ್ಲಿ ಅಂಗಡಿ ಇಟ್ಟಿರುವ ಮಾರ್ವಾಡಿ ಜೈನರಲ್ಲಿ ಓಸ್ವಾಲ್ ಸಮುದಾಯದವರಿಗೆ ಇದೇ ಮೂಲ ಊರು. ಪರಿಚಯದವರಿದ್ದರೆ ಹೋಗುವ ಮುಂಚೆ ಮಾತಾಡಿಸಿ, ಊಟ-ವಸತಿಗೆ ಒಳ್ಳೆಯ ದಾರಿ ಹೇಳುತ್ತಾರೆ. ಮಹಾವೀರ ಗುಡಿಗೆ ಚರ್ಮದ ಬೆಲ್ಟ್, ಪರ್ಸ್ ಒಯ್ಯಬೇಡಿ.

ಊರ ನಡುವಿನ ದಿಣ್ಣೆಯ ಮೇಲೆ ಸಚಿಯಾ ಮಾತೆಯ ಗುಡಿ. ಈಗ ಕಾಣುವ ರೂಪದಲ್ಲಿ ಹೆಚ್ಚಿನದು 12ನೇ ಶತಮಾನದ್ದು, ಬೇಲೂರಿನ ಸಮಕಾಲೀನ. ಮೆಟ್ಟಿಲುಗಳ ಮೇಲೆ ಸಾಲಾಗಿ ಕೆತ್ತನೆಯ ತೋರಣಗಳಿವೆ. ನವರಾತ್ರಿಯಲ್ಲಿ ವಿಪರೀತ ಜನ. ಡಿಸೆಂಬರ್‌ನಲ್ಲಿ ಅಷ್ಟಿಲ್ಲ.

ಹಳೆಯ ಮೆಟ್ಟಿಲು ಬಾವಿಯೂ ಒಂದಿದೆ, ಕಾತನ್ ಬಾವಡಿ. ಹಳೇಬೀಡಿನ ಹತ್ತಿರದ ಹುಲಿಕೆರೆ ಕೊಳ ನೋಡಿದವರು ಇದನ್ನು ತಪ್ಪದೆ ನೋಡಬೇಕು. ಹಳ್ಳಿಗಳ ಕಡೆ ಹೋದರೆ ಮನೆಯ ಹತ್ತಿರ ನೆಲದೊಳಗೆ ಕಟ್ಟಿದ ಟಾಂಕಾ ಎಂಬ ನೀರಿನ ತೊಟ್ಟಿ ತೋರಿಸಲು ಹೇಳಿ. ಸುತ್ತಲಿನ ನೆಲವನ್ನು ಇಳಿಜಾರು ಮಾಡಿ, ಬಿದ್ದ ಮಳೆ ಅದರೊಳಗೇ ಹೋಗುವಂತೆ ಮಾಡಿರುತ್ತಾರೆ. ಇಂಥ ತೊಟ್ಟಿಗಳ ನೀರಲ್ಲೇ ಅಲ್ಲಿನವರು ತಲೆಮಾರುಗಳಿಂದ ಬೇಸಿಗೆ ಕಳೆದಿದ್ದಾರೆ. ಮಳೆಗಾಲದಲ್ಲಿ ನೀರು ಹರಿದುಹೋಗುವುದನ್ನೇ ನೋಡುವ ನಾವು ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ನೀವು ಆರಿಸಿಕೊಂಡ ತಿಂಗಳು ಸರಿಯಾಗಿದೆ. ಮೇ ತಿಂಗಳಲ್ಲಿ ಮಾತ್ರ ಯಾರೂ ಹೋಗಬೇಡಿ. ಅದೇ ರಸ್ತೆಯಲ್ಲಿ ಮುಂದೆ ಸಿಗುವ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಗಿತ್ತು. ಡಿಸೆಂಬರ್‌ನಲ್ಲಿ ತೊಂದರೆ ಚಳಿಯದು. ನಮ್ಮ ಕಡೆ ಗಾಳಿಯ ತೇವ, ಮೋಡ ರಾತ್ರಿಯ ಬಿಸಿಯನ್ನು ಸ್ವಲ್ಪ ಹಿಡಿದಿಡುತ್ತವೆ. ಅಲ್ಲಿ ಗಾಳಿ ಒಣ, ಆಕಾಶ ಬರಿದು. ಹೊತ್ತು ಮುಳುಗಿದ ಕೂಡಲೇ ಮರಳು ತಣ್ಣಗಾಗುತ್ತದೆ. ಟೆಂಟಿನಲ್ಲಿ ಉಳಿಯುವುದಾದರೆ ಸ್ವೆಟರ್, ಕಾಲುಚೀಲ, ತಲೆಗೆ ಮಫ್ಲರ್ ಬೇಕೇ ಬೇಕು. ಸೂರ್ಯ ಹುಟ್ಟುವುದು ಏಳು ಗಂಟೆ ದಾಟಿದ ಮೇಲೆ, ಮುಳುಗುವುದು ಆರಕ್ಕೆ ಮುಂಚೆ. ಹಗಲು ಚಿಕ್ಕದು. ಆದ್ದರಿಂದ ಜೋಧಪುರ ಬೆಳಿಗ್ಗೆ ಬೇಗ ಬಿಟ್ಟು, ಮಧ್ಯಾಹ್ನದೊಳಗೆ ಗುಡಿಗಳನ್ನು ಮುಗಿಸಿ, ನಾಲ್ಕು ಗಂಟೆಗೆ ಮರಳಿನ ಕಡೆ ಹೊರಡಿ. ಸಾಧ್ಯವಿದ್ದರೆ ರಾತ್ರಿ ಅಲ್ಲೇ ಉಳಿಯಿರಿ. ಬೆಳಗಿನ ಮರಳಿನ ಮೇಲೆ ಹುಳ, ಹಕ್ಕಿ, ಇಲಿಗಳ ಹೆಜ್ಜೆ ಗುರುತು ತುಂಬಿರುತ್ತದೆ, ಜೀಪುಗಳು ಬಂದ ಮೇಲೆ ಅದು ಸಿಗುವುದಿಲ್ಲ.

ಒಂಟೆ ಸವಾರಿಗೆ ರೇಟು, ಎಷ್ಟು ಹೊತ್ತು, ಎಲ್ಲಿಯ ತನಕ ಎಂಬುದನ್ನು ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. ಒಂಟೆ ಏಳುವಾಗ ಹಿಂಗಾಲು ಮೊದಲು ಎತ್ತುತ್ತದೆ, ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಆಗ ಮೈ ಹಿಂದಕ್ಕೆ ಬಾಗಿಸಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಕೂರುವಾಗಲೂ ಹಾಗೇ. ಇದೇ ಕಾರಣಕ್ಕೆ ಅಮ್ಮನನ್ನು ಒಂಟೆ ಮೇಲೆ ಕೂರಿಸಬೇಡಿ. ಒಂಟೆ ಗಾಡಿ ಸಿಗುತ್ತದೆಯೇ ಎಂದು ಕ್ಯಾಂಪಿನವರನ್ನು ಮೊದಲೇ ಫೋನ್ ಮಾಡಿ ಕೇಳಿ, ಇಲ್ಲದಿದ್ದರೆ ದಿಬ್ಬದ ಬುಡದ ತನಕ ಜೀಪ್. ಸಚಿಯಾ ಮಾತೆಯ ಮೆಟ್ಟಿಲು ಅವರಿಗೆ ಕಷ್ಟ. ಕೈ ಹಿಡಿದು ನಿಧಾನವಾಗಿ, ನಡುವೆ ಕೂರಿಸಿ ಹತ್ತಿಸಬಹುದು, ಇಲ್ಲವೇ ಕೆಳಗಿಂದಲೇ ಕೈ ಮುಗಿಯಲಿ. ಹರಿಹರ ಗುಡಿಗಳಲ್ಲಿ ಜಗತಿಯ ಮೇಲೆ ಹತ್ತದೆ ಸುತ್ತಲೂ ನಡೆದರೂ ಹೊರಗಿನ ಕೆತ್ತನೆ ಚೆನ್ನಾಗಿ ಕಾಣುತ್ತದೆ. ಅಮ್ಮನಿಗೆ ದಿನದ ಹೆಚ್ಚು ಹೊತ್ತನ್ನು ಅಲ್ಲೇ ಇಡಿ.